ಸದ್ದಿಲ್ಲದ ರಸ್ತೆ ಯಾರದು

ದೀಪಾವಳಿಯ ಮರುದಿನದಿಂದ ಲಾಭ ಪಂಚಮಿಯವರೆಗೆ ಅಹಮದಾಬಾದಿನ ಹಳೇ ಪೇಟೆಯ ಬಹುಪಾಲು ಅಂಗಡಿಗಳು ಬಾಗಿಲು ಹಾಕಿರುತ್ತವೆ. ಬೇರೆ ದಿನ ಹೆಜ್ಜೆ ಇಡಲು ಜಾಗವಿಲ್ಲದ ರಿಲೀಫ್ ರೋಡು, ಗಾಂಧಿ ರೋಡುಗಳಲ್ಲಿ ಆ ನಾಲ್ಕೈದು ದಿನ ಬೆಳಗ್ಗೆ ಆರಾಮಾಗಿ ಸೈಕಲ್ ತುಳಿಯಬಹುದು. ಸೂರತ್ತಿನ ವರಾಛಾ, ಕತಾರ್ಗಾಮ್ ಕಡೆ ವಜ್ರ ಉಜ್ಜುವ ಕಾರ್ಖಾನೆಗಳು ವಾರಗಟ್ಟಲೆ ಮುಚ್ಚುತ್ತವೆ. ‘ರತ್ನ ಕಲಾಕಾರ’ ಎಂಬ ದೊಡ್ಡ ಹೆಸರಿನ ಅಲ್ಲಿನ ಕೆಲಸಗಾರರು ಬಸ್ಸು ಹತ್ತಿ ಸೌರಾಷ್ಟ್ರದ ತಮ್ಮ ಊರುಗಳಿಗೆ ಹೋಗಿರುತ್ತಾರೆ. ಅದೇ ವಾರ ಅಬು ಬೆಟ್ಟದಲ್ಲೂ ಸಾಪುತಾರಾದಲ್ಲೂ ಕಾರು ನಿಲ್ಲಿಸಲು ಸ್ಥಳವಿರುವುದಿಲ್ಲ. ನೆಮ್ಮದಿ ಬೇಕೆಂದು ಹೊರಟವರೆಲ್ಲ ಒಟ್ಟಿಗೆ ಹೊರಟಿದ್ದರಿಂದ ಊರು ತಣ್ಣಗಾಯಿತು, ಬೆಟ್ಟದಲ್ಲಿ ಗದ್ದಲವೆದ್ದಿತು. ನಾನು ಅಹಮದಾಬಾದ್, ವಡೋದರ, ಸೂರತ್ ನಗರಗಳ ಸೈಕಲ್ ಸವಾರರ ಜತೆ ಮಾತಾಡುವಾಗಲೆಲ್ಲ ನೆನಪಿಗೆ ಬರುವ ಸಂಗತಿಯಿದು. ಏಕೆಂದರೆ ರಜೆ ಹತ್ತಿರ ಬಂದಂತೆ ಅವರೆಲ್ಲರ ಪ್ರಶ್ನೆ ಒಂದೇ: ಬೆಟ್ಟದಲ್ಲಿ ವಾಹನಗಳ ಕಾಟವಿಲ್ಲದ ರಸ್ತೆ ಯಾವುದು?

ಇವರು ಹವ್ಯಾಸಕ್ಕೆ ತುಳಿಯುವ ಗಟ್ಟಿ ಜನ. ಹದಿಮೂರೂವರೆ ಗಂಟೆಯೊಳಗೆ 200 ಕಿಲೋಮೀಟರ್ ಮುಗಿಸಬೇಕಾದ ಬ್ರೆವೆ ಸವಾರಿಗಳನ್ನು ಮಾಡಿದವರು ಇವರಲ್ಲಿ ಬೇಕಾದಷ್ಟಿದ್ದಾರೆ. ಬಯಲುನಾಡಿನವರಾದ್ದರಿಂದ ಏರು ಕಂಡರೆ ಆಸೆ. ಆದರೆ ಕೈಗೆಟಕುವ ಬೆಟ್ಟಗಳು ಮೂರೇ. ಅಹಮದಾಬಾದಿನವರಿಗೆ ರಾಜಸ್ಥಾನದ ಅಬು; ಕೆಳಗಿನ ಅಬು ರೋಡಿನಿಂದ ಮೇಲಕ್ಕೆ 28 ಕಿಲೋಮೀಟರಿನ ಒಂದೇ ಮುಖ್ಯ ದಾರಿ, ಎಲ್ಲರೂ ಅದರಲ್ಲೇ ಹತ್ತಬೇಕು. ಗುಜರಾತು 1960ರಲ್ಲಿ ರಾಜ್ಯವಾದಂದಿನಿಂದ ಪಾನನಿಷೇಧವಿರುವ ನಾಡು, ಅಬು ಗಡಿಯಾಚೆಗಿದೆ. ಶನಿವಾರ ಸಂಜೆ ಆ ಘಾಟಿಯಲ್ಲಿ ಕಾರುಗಳ ಸಾಲು ಯಾಕೆ ಎಂದು ಬಿಡಿಸಿ ಹೇಳಬೇಕಿಲ್ಲ. ರಸ್ತೆಯ ಸದ್ದಿಗೂ ಅಬಕಾರಿ ಕಾನೂನಿಗೂ ಹೀಗೊಂದು ನಂಟು. ವಡೋದರದವರಿಗೆ ಪಾವಾಗಢ, ನಗರದಿಂದ 50 ಕಿಲೋಮೀಟರ್ ಆಸುಪಾಸು. ನವರಾತ್ರಿಯಲ್ಲಿ ಅಲ್ಲಿ ಕಾಳಿಕಾ ಮಾತೆಯ ಭಕ್ತರದೇ ರಾಜ್ಯ. ಸೂರತ್ತಿನವರಿಗೆ ಸಾಪುತಾರಾ, ಡಾಂಗ್ ಜಿಲ್ಲೆಯಲ್ಲಿ ಸಹ್ಯಾದ್ರಿಯ ಬಡಗಣ ತುದಿಯ ಮೇಲೆ, ಸುಮಾರು 1000 ಮೀಟರ್ ಎತ್ತರದಲ್ಲಿ. ವಘಾಯಿಯಿಂದ ಅಲ್ಲಿಗೆ ಹತ್ತುವ ರಸ್ತೆಯಲ್ಲಿ ಸೂರತ್ತಿನ ಕಾರುಗಳ ಜತೆಗೆ ನಾಸಿಕ್ ಕಡೆಯ ಲಾರಿಗಳೂ ಇರುತ್ತವೆ.

ಹಾಗಾಗಿ ಜಾಣರು ಮುಖ್ಯರಸ್ತೆ ಬಿಟ್ಟು ಒಳಗೆ ತಿರುಗುತ್ತಾರೆ. ಸವಾರರ ಓಡಾಟವನ್ನು ಬಣ್ಣದಲ್ಲಿ ತೋರಿಸುವ ನಕ್ಷೆಗಳು ಈಗ ಫೋನಿನಲ್ಲೇ ಸಿಗುತ್ತವೆ. ಎಲ್ಲರೂ ಹೋಗುವ ರಸ್ತೆ ಅದರಲ್ಲಿ ಉರಿಯುತ್ತಿರುತ್ತದೆ, ಯಾರೂ ಹೋಗದ್ದು ಮಂಕಾಗಿರುತ್ತದೆ. ಮಂಕು ಗೆರೆ ಹಿಡಿದರೆ ಆಹ್ವಾ, ಮಹಾಲ್, ಸುಬೀರ್ ಕಡೆಯ ರಸ್ತೆಗಳು ಸಿಗುತ್ತವೆ. ಎರಡೂ ಬದಿ ತೇಗ, ನಡುನಡುವೆ ಬಿದಿರು, ಗೇಣಗಲದ ಹೊಲಗಳಲ್ಲಿ ‘ನಾಗಲಿ’, ಅಂದರೆ ನಮ್ಮ ರಾಗಿ. ಗೋಧಿಯ ಗುಜರಾತಿನಲ್ಲಿ ವರ್ಷಗಟ್ಟಲೆ ಇದ್ದು ಒಂದು ದಿನ ದಿಢೀರನೆ ರಾಗಿ ರೊಟ್ಟಿ ಎದುರಾದರೆ ಕನ್ನಡಿಗನಿಗೆ ಆಗುವ ಸಂತೋಷ ಈ ಪ್ರಬಂಧದ ವಿಷಯವಲ್ಲ, ಆದರೂ ಹೇಳದೆ ಇರಲಾರೆ. ನವೆಂಬರಿನಲ್ಲಿ ಈ ರಸ್ತೆಗಳಲ್ಲಿ ಅರ್ಧ ಗಂಟೆ ತುಳಿದರೂ ಎದುರಿಗೆ ಒಂದು ಮೋಟಾರು ಬಾರದೆ ಇರಬಹುದು. ಬಂದವರು ‘ಸ್ವರ್ಗ’ ಎಂದು ಬರೆದುಕೊಂಡು ಹೋಗುತ್ತಾರೆ.

ನನ್ನ ತಕರಾರು ಇಲ್ಲಿಂದ ಶುರು. ಆ ಮೌನ ಅಲ್ಲಿ ತಾನಾಗಿ ಬೆಳೆದದ್ದಲ್ಲ. 1840ರ ದಶಕದಲ್ಲಿ ಬ್ರಿಟಿಷರು ಡಾಂಗಿನ ಭಿಲ್ ನಾಯಕರಿಂದ ಕಾಡನ್ನು ಗುತ್ತಿಗೆ ಹಿಡಿದರು. ಅವರಿಗೆ ಬೇಕಿದ್ದದ್ದು ತೇಗದ ಮರ. ಮುಂದೆ ಕಾಡಿಗೆ ಮೀಸಲು ಬೇಲಿ ಬಿತ್ತು, ಉಳುವ ಭೂಮಿ ಕುಗ್ಗಿತು. ಇಪ್ಪತ್ತನೇ ಶತಮಾನದ ಮೊದಲಲ್ಲಿ ಬರೋಡಾ ಸಂಸ್ಥಾನ ಬಿಲಿಮೋರಾದಿಂದ ವಘಾಯಿಗೆ ಹಾಕಿದ 63 ಕಿಲೋಮೀಟರಿನ ಪುಟ್ಟ ರೈಲುದಾರಿಯಲ್ಲೂ ಮರವೇ ದೊಡ್ಡ ಪ್ರಯಾಣಿಕ. ಕಾಡು ಕೊಟ್ಟ ನಾಯಕರ ವಂಶಸ್ಥರಿಗೆ ಇವತ್ತಿಗೂ ಹೋಳಿಯ ಹೊತ್ತಿಗೆ ಆಹ್ವಾದ ಡಾಂಗ್ ದರ್ಬಾರಿನಲ್ಲಿ ಸರ್ಕಾರ ಮರ್ಯಾದೆ ಮಾಡಿ ಪಿಂಚಣಿ ಕೊಡುತ್ತದೆ. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನಸಂಖ್ಯೆ ಸುಮಾರು 2.28 ಲಕ್ಷ, ಗುಜರಾತಿನ ಜಿಲ್ಲೆಗಳಲ್ಲೇ ಕಡಿಮೆ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಆದಿವಾಸಿಗಳು. ರಸ್ತೆ ಖಾಲಿಯಿರುವುದಕ್ಕೆ ಇಷ್ಟು ಚರಿತ್ರೆಯಿದೆ.

ನವೆಂಬರಿನ ಮೌನಕ್ಕಂತೂ ಇನ್ನೂ ಹತ್ತಿರದ ಕಾರಣವಿದೆ. ಅದನ್ನು ನೋಡಬೇಕಾದರೆ ನಸುಕಿನಲ್ಲಿ ಯಾವುದಾದರೂ ಊರ ಮುಂದಿನ ಕೂಡುದಾರಿಯಲ್ಲಿ ನಿಲ್ಲಬೇಕು. ಲಾರಿಯೊಂದು ನಿಂತಿರುತ್ತದೆ. ಅದರೊಳಗೆ ಬಿದಿರಿನ ತಟ್ಟಿ, ಸುತ್ತಿ ಕಟ್ಟಿದ ಕೌದಿ, ಅಲ್ಯೂಮಿನಿಯಂ ಪಾತ್ರೆ, ಅರ್ಧ ಚೀಲ ನಾಗಲಿ, ಕಾಲು ಕಟ್ಟಿದ ಕೋಳಿ. ಆಮೇಲೆ ಹೆಂಗಸರು, ಮಕ್ಕಳು, ಕೊನೆಗೆ ಗಂಡಸರು ಹತ್ತುತ್ತಾರೆ. ಕೂಲಿಯವರನ್ನು ಗೊತ್ತುಮಾಡುವ ಮುಕಾದಮ ಪಟ್ಟಿ ಹಿಡಿದು ಹೆಸರು ಕೂಗುತ್ತಾನೆ. ಮುಂಗಡ ಮಳೆಗಾಲದಲ್ಲೇ ಕೈ ಸೇರಿ ಖರ್ಚಾಗಿ ಹೋಗಿದೆ. ಲಾರಿ ಹೊರಡುವುದು ಬಾರ್ಡೋಲಿ ಕಡೆಯ ಕಬ್ಬಿನ ಗದ್ದೆಗೆ. ಕತ್ತಿಗೆ ‘ಕೊಯ್ತಾ’ ಎನ್ನುತ್ತಾರೆ. ಗಂಡ ಹೆಂಡತಿ ಸೇರಿದರೆ ಲೆಕ್ಕದಲ್ಲಿ ಒಂದು ಕೊಯ್ತಾ. ದಕ್ಷಿಣ ಗುಜರಾತಿನ ಈ ಕಬ್ಬು ಕಡಿಯುವವರ ಬಾಳನ್ನು ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ ದಶಕಗಳ ಕಾಲ ಹಿಂಬಾಲಿಸಿ ಬರೆದರು. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳ ಸುತ್ತ ಜೋಪಡಿ ಹಾಕಿಕೊಂಡ ಗ್ಯಾಂಗುಗಳನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಲಾರಿ ಹೋದ ಮೇಲೆ ಊರಿನಲ್ಲಿ ಮುದುಕರು, ಕೆಲವು ಮಕ್ಕಳು, ದನ. ಬೇಸಿಗೆ ಬರುವವರೆಗೆ ಹೀಗೇ. ಸೈಕಲ್ ತುಳಿಯಲು ಹೇಳಿ ಮಾಡಿಸಿದ ಹವೆ ಇರುವುದೂ ಅದೇ ತಿಂಗಳುಗಳಲ್ಲಿ. ಅಂದರೆ ಸವಾರನಿಗೆ ಸಿಕ್ಕ ಶಾಂತಿಯಲ್ಲಿ ಒಂದು ಪಾಲು, ಊರಲ್ಲಿ ಇರಬೇಕಾದವರು ಇಲ್ಲದಿರುವುದರಿಂದ ಬಂದದ್ದು.

ಇದನ್ನು ಹೇಳಿದರೆ ಗೆಳೆಯರು ಮುಖ ಸಣ್ಣ ಮಾಡುತ್ತಾರೆ. ‘ಹಾಗಾದರೆ ಬೆಟ್ಟಕ್ಕೆ ಹೋಗುವುದೇ ತಪ್ಪಾ?’ ತಪ್ಪೆಂದು ನಾನು ಹೇಳುತ್ತಿಲ್ಲ. ಸವಾರ ಮನೆಯಲ್ಲಿ ಕೂತರೆ ಕಬ್ಬಿನ ಗದ್ದೆಗೆ ಹೋದವರು ವಾಪಸು ಬರುವುದಿಲ್ಲ. ಪಾಪಪ್ರಜ್ಞೆಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ನನ್ನ ವಾದ ಪ್ರಶ್ನೆಯ ಬಗ್ಗೆ. ‘ಖಾಲಿ ರಸ್ತೆ ಯಾವುದು’ ಎಂದು ಕೇಳುವವನು ಜನರನ್ನು ಅಡಚಣೆ ಎಂದು ಮೊದಲೇ ತೀರ್ಮಾನಿಸಿಬಿಟ್ಟಿದ್ದಾನೆ. ಅವನಿಗೆ ನಿಜವಾಗಿ ತೊಂದರೆ ಕೊಟ್ಟದ್ದು ಜನರೇ? ವಘಾಯಿ ಘಾಟಿಯಲ್ಲಿ ಅವನ ಮೊಣಕೈ ಸವರಿಕೊಂಡು ಹೋದದ್ದು ಒಂದು ಕಾರು. ಅದರಲ್ಲಿದ್ದವರಿಗೆ ಆ ಜಾಗದಲ್ಲಿ ಯಾವ ಕೆಲಸವೂ ಇರಲಿಲ್ಲ, ಅದನ್ನು ಬೇಗ ದಾಟುವುದೊಂದೇ ಅವರ ಕೆಲಸ. ರಸ್ತೆಯ ಗದ್ದಲವೆಂದರೆ ಈ ದಾಟುವ ಅವಸರ. ಸಂತೆಯ ದಿನ ಇದೇ ಒಳರಸ್ತೆಗಳಲ್ಲಿ ತಲೆ ಮೇಲೆ ಬುಟ್ಟಿ ಹೊತ್ತ ಹೆಂಗಸರು ಸಾಲಾಗಿ ನಡೆಯುತ್ತಾರೆ, ಜೀಪಿನ ಮೇಲೂ ಜನ ಕೂತಿರುತ್ತಾರೆ, ಹೋರಿಯೊಂದು ಅಡ್ಡ ನಿಂತು ಯೋಚಿಸುತ್ತಿರುತ್ತದೆ. ಖಾಲಿ ಎನ್ನುವ ಹಾಗಿಲ್ಲ. ನನಗೆ ಅದು ನವೆಂಬರಿನ ಖಾಲಿ ರಸ್ತೆಗಿಂತ ಶಾಂತವೆನಿಸುತ್ತದೆ. ಇದಕ್ಕೆ ಎದುರಾಗಿ, ಆರು ಪಥದ ಹೊಸ ಹೆದ್ದಾರಿಯಲ್ಲಿ ಎರಡು ನಿಮಿಷ ಯಾವ ಗಾಡಿಯೂ ಬಾರದಿದ್ದರೂ ಸೈಕಲ್ಲಿನವನ ಬೆನ್ನು ಬಿಗಿದೇ ಇರುತ್ತದೆ.

ಸಾತಾರಾದಲ್ಲಿ ಹುಟ್ಟಿದ ಕಾಕಾ ಕಾಲೇಲ್ಕರ್ ವಡೋದರದ ಗಂಗನಾಥ ವಿದ್ಯಾಲಯದಲ್ಲಿ ಮೇಷ್ಟರಾಗಿದ್ದರು. 1912ರ ಹೊತ್ತಿಗೆ ಆ ರಾಷ್ಟ್ರೀಯ ಶಾಲೆ ಮುಚ್ಚಿದಾಗ ಅವರು ಹಿಮಾಲಯಕ್ಕೆ ಹೋಗಿ ಕಾಲ್ನಡಿಗೆಯಲ್ಲಿ ಸುತ್ತಿದರು. ಆಮೇಲೆ ಅದನ್ನು ಗುಜರಾತಿಯಲ್ಲಿ ಬರೆದು ಆ ಭಾಷೆಯ ದೊಡ್ಡ ಗದ್ಯಲೇಖಕರಲ್ಲಿ ಒಬ್ಬರಾದರು. ಅವರು ನಡೆದದ್ದು ಹೆಚ್ಚಾಗಿ ಯಾತ್ರಿಕರ ದಾರಿಗಳಲ್ಲಿ, ಜನರಿದ್ದ ದಾರಿಗಳಲ್ಲಿ. ಎಲ್ಲರೂ ನಡೆಯುವವರೇ ಆದ್ದರಿಂದ ಅಲ್ಲಿ ಯಾರೂ ಯಾರನ್ನೂ ಹಿಂದೆ ಹಾಕಬೇಕಿರಲಿಲ್ಲ. ಚಿಂತಕ ಇವಾನ್ ಇಲಿಚ್ 1970ರ ದಶಕದಲ್ಲಿ ಇದಕ್ಕೆ ಲೆಕ್ಕದ ಮಾತು ಜೋಡಿಸಿದ: ಗಂಟೆಗೆ ಸುಮಾರು 25 ಕಿಲೋಮೀಟರ್ ದಾಟಿದ ಮೇಲೆ ಒಬ್ಬನು ಉಳಿಸಿದ ಹೊತ್ತು ಇನ್ನೊಬ್ಬನು ಕಳೆದುಕೊಂಡ ಹೊತ್ತು. ಸೈಕಲ್ಲನ್ನು ಅವನು ಮೆಚ್ಚಿದ್ದೂ ಅದಕ್ಕೇ.

ಬೆಟ್ಟದಲ್ಲಿ ಮಾತ್ರ ಇಲಿಚನ ಮೆಚ್ಚುಗೆಯ ಸೈಕಲ್ಲು ಎರಡು ರೂಪ ತಾಳುತ್ತದೆ. ಏರುವಾಗ ಎಂಟು ಹತ್ತರ ವೇಗ; ತೇಗದ ಒಣ ಎಲೆ ಬಿದ್ದ ಸದ್ದೂ ಕೇಳುತ್ತದೆ, ದಾರಿಯಲ್ಲಿ ಎದುರಾದ ಮುದುಕ ‘ಎಲ್ಲಿಂದ’ ಎಂದು ಕೇಳಿ ಉತ್ತರ ಪಡೆಯುವಷ್ಟು ಪುರುಸೊತ್ತು ಇಬ್ಬರಿಗೂ ಇರುತ್ತದೆ. ಇಳಿಯುವಾಗ ಐವತ್ತು. ಆಗ ಕಿವಿಯಲ್ಲಿ ಗಾಳಿ ಬಿಟ್ಟು ಬೇರೇನಿಲ್ಲ; ತಿರುವಿನಾಚೆ ಮೇಕೆ ಹೊಡೆದುಕೊಂಡು ಬರುವ ಹುಡುಗನ ಪಾಲಿಗೆ ಇವನು ಆ ಕಾರಿನಷ್ಟೇ ಅಪರಿಚಿತ, ಕಾರಿಗಿಂತ ಒಂದು ಕೈ ಹೆಚ್ಚು ಅಪಾಯ, ಯಾಕೆಂದರೆ ಸದ್ದಿಲ್ಲ. ದುಬಾರಿ ಸೈಕಲ್ಲುಗಳಿಗೆ ಬೆಲ್ ಕೂಡ ಇರುವುದಿಲ್ಲ. ಹಗುರವಾಗಲೆಂದು ಬಿಚ್ಚಿಟ್ಟಿರುತ್ತಾರೆ. ಶಾಂತ ರಸ್ತೆಯನ್ನು ಅರಸಿ ಬಂದವನ ಮೊದಲ ಕರ್ತವ್ಯ ಸದ್ದು ಮಾಡುವುದು ಎಂದರೆ ವಿಚಿತ್ರವಾಗಿ ಕಾಣಬಹುದು. ಆದರೆ ಮೂವತ್ತು ಗ್ರಾಮಿನ ಆ ಬೆಲ್ಲಿನಲ್ಲಿ ‘ಈ ರಸ್ತೆ ನಿಮ್ಮದು, ನಾನು ಬರುತ್ತಿದ್ದೇನೆ’ ಎಂಬ ಒಪ್ಪಿಗೆ ಇದೆ.

ಇನ್ನೊಂದು ಬಗೆಯ ಮೌನವೂ ಇದೆ, ತೀರ್ಮಾನ ಮಾಡಿ ತಂದದ್ದು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಸಂಚಾರ ನಿರ್ಬಂಧವಿದೆ. ವಯನಾಡಿನವರು ಎಷ್ಟು ಗಲಾಟೆ ಮಾಡಿದರೂ ಉಳಿದುಕೊಂಡಿದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ಗಾಡಿ ಬಿಡುವುದಿಲ್ಲ, ಕೆಳಗೆ ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಬೇಕು. ಇವುಗಳ ಖರ್ಚು ಯಾರ ಮೇಲೆ ಬಿತ್ತೆಂದು ಎಲ್ಲರಿಗೂ ಗೊತ್ತು, ಜಗಳವೂ ಬಹಿರಂಗವಾಗಿಯೇ ನಡೆದಿದೆ. ಡಾಂಗಿನ ಮೌನದ ಖರ್ಚು ಯಾರ ಲೆಕ್ಕದಲ್ಲೂ ಇಲ್ಲ. ಎರಡರ ನಡುವೆ ಆಯ್ಕೆ ಕೊಟ್ಟರೆ ನಾನು ಕಾನೂನಿನ ಮೌನವನ್ನು ಆರಿಸುತ್ತೇನೆ, ಅದರಲ್ಲಿ ನನ್ನ ಸೈಕಲ್ಲಿಗೂ ಪ್ರವೇಶ ಇಲ್ಲದಿದ್ದರೂ ಸರಿಯೇ.

ಒಳರಸ್ತೆಗಳ ಹೆಸರು ಹೊರಗೆ ಹೇಳಬಾರದು, ಹೇಳಿದರೆ ಕೆಡುತ್ತವೆ ಎಂಬ ವಾದವಿದೆ. ನಾನು ಮೇಲೆ ಹೆಸರು ಬರೆದೇ ಬಿಟ್ಟಿದ್ದೇನೆ. ದಿನಾ ಅಲ್ಲಿ ದನ ಹೊಡೆಯುವವರಿಗೆ ಗುಟ್ಟಲ್ಲದ ರಸ್ತೆಯನ್ನು ನಾವು ನಾಲ್ಕು ಜನ ಗುಟ್ಟಾಗಿ ಇಟ್ಟುಕೊಳ್ಳುವುದು ಸಣ್ಣ ಮಟ್ಟದ ಜಮೀನ್ದಾರಿಕೆ. ರಸ್ತೆ ಅಗಲವಾಗುವುದು ಬೇಡ, ಗುಂಡಿ ಹಾಗೇ ಇರಲಿ ಎಂದು ಕೆಲವರು ಹಾರೈಸುವುದನ್ನೂ ಕೇಳಿದ್ದೇನೆ. ಆ ಗುಂಡಿಯ ಮೇಲೆ ರಾತ್ರಿ ಆಹ್ವಾದ ಆಸ್ಪತ್ರೆಗೆ ಬಸುರಿ ಹೆಂಗಸನ್ನು ಕರೆದೊಯ್ಯುತ್ತಾರೆ. ಸೈಕಲ್ಲಿಗೆ ಟೈರು ಅಗಲದ್ದು ಹಾಕಿಕೊಳ್ಳುವುದು ಸುಲಭ.

ಊರಿನ ಮಾತೂ ಸೇರದೆ ಇದು ಮುಗಿಯುವುದಿಲ್ಲ. ಅಹಮದಾಬಾದು ಒಂದು ಕಾಲಕ್ಕೆ ಗಿರಣಿ ಕಾರ್ಮಿಕರ ಸೈಕಲ್ಲುಗಳ ನಗರ. 2009ರಲ್ಲಿ ಬಸ್ಸಿಗೆಂದೇ ಪ್ರತ್ಯೇಕ ಪಥ ಬಂದಾಗ ಕೆಲವೆಡೆ ಪಕ್ಕದಲ್ಲಿ ಸೈಕಲ್ ಪಥವನ್ನೂ ಹಾಕಿದರು. ಬೇಗನೆ ಅದರ ಮೇಲೆ ಸ್ಕೂಟರ್ ನಿಂತವು, ಲಾರಿ ಅಂಗಡಿಗಳು ಬಂದವು. (ಲಾರಿ ಅಂದರೆ ಇಲ್ಲಿ ತಳ್ಳುಗಾಡಿ.) ಮನಸ್ಸು ಮಾಡಿದರೆ ನಗರಕ್ಕೆ ರಸ್ತೆ ತಡೆಯುವುದು ಗೊತ್ತಿಲ್ಲವೆಂದಲ್ಲ: ಉತ್ತರಾಯಣದ ದಿನ ಗಾಳಿಪಟದ ಮಾಂಜಾ ಕುತ್ತಿಗೆ ಕೊಯ್ಯುತ್ತದೆಂದು ಸೂರತ್ತಿನಲ್ಲಿ ಮೇಲ್ಸೇತುವೆಗಳನ್ನು ದ್ವಿಚಕ್ರದವರಿಗೆ ಮುಚ್ಚುತ್ತಾರೆ, ಯಾರೂ ದೂರುವುದಿಲ್ಲ. ದಿನನಿತ್ಯ ಸಿಗಬೇಕಿದ್ದ ಐದು ಕಿಲೋಮೀಟರು ಊರಲ್ಲಿ ಸಿಗದಿದ್ದಾಗ ಶಾಂತಿ ಎಂಬುದು ರಜೆಯ ಸಾಮಾನಾಗುತ್ತದೆ. ಕಾರಿನ ನೆತ್ತಿಗೆ ಸೈಕಲ್ ಕಟ್ಟಿಕೊಂಡು 160 ಕಿಲೋಮೀಟರ್ ಓಡಿ, ವಘಾಯಿ ಘಾಟಿಯಲ್ಲಿ ಇನ್ನೊಬ್ಬ ಸವಾರನ ಮೊಣಕೈ ಸವರಿ ಮುಂದೆ ಹೋಗುತ್ತೇವೆ.

ಆದರೂ ಎಲ್ಲಿ, ಯಾವಾಗ ಎಂದು ಕೇಳಿದವರಿಗೆ ನಾನು ಉತ್ತರ ಕೊಡುತ್ತೇನೆ. ನಕ್ಷೆಯ ಬದಲು ವಘಾಯಿ ಅಥವಾ ಆಹ್ವಾ ನಿಲ್ದಾಣದಲ್ಲಿ ಬಸ್ ಕಂಡಕ್ಟರನ್ನು ಕೇಳಿ: ವಸ್ತಿ ಬಸ್ಸು ಯಾವ ಊರಲ್ಲಿ ತಂಗುತ್ತದೆ? ಮುಂದೆ ದಾರಿಯಿಲ್ಲದ ಊರಿಗೆ ದಾಟಿ ಹೋಗುವ ಅವಸರದವರು ಬರುವುದಿಲ್ಲ. ಹೋಗುವುದಾದರೆ ಜುಲೈಯಲ್ಲಿ ಹೋಗಿ. ಕಬ್ಬಿನವರು ಮನೆಗೆ ಬಂದಿರುತ್ತಾರೆ, ಗದ್ದೆಯಲ್ಲಿ ನಾಟಿ, ಇಳಿಜಾರಿನಲ್ಲಿ ನಾಗಲಿ, ರಸ್ತೆಯಲ್ಲಿ ನೀರು, ಬ್ರೇಕು ಅಷ್ಟಾಗಿ ಹಿಡಿಯುವುದಿಲ್ಲ, ಇಳಿಯುವಾಗ ನಿಧಾನವೇ ಗತಿ. ವಾರಾಂತ್ಯ ಬಿಡಿ, ಮಳೆ ನೋಡಲು ಸೂರತ್ತೇ ಎದ್ದು ಬರುತ್ತದೆ. ಮಂಗಳವಾರ ಬುಧವಾರ ರಜೆ ಸಿಗುವುದಿಲ್ಲ ಎನ್ನುವವರು ನಗರಪಾಲಿಕೆಗೆ ಸೈಕಲ್ ಪಥದ ಮೇಲಿನ ಸ್ಕೂಟರುಗಳ ಬಗ್ಗೆ ಒಂದು ಅರ್ಜಿ ಬರೆಯಬಹುದು. ಅದನ್ನು ಭಾನುವಾರವೂ ಬರೆಯಲಾಗುತ್ತದೆ.