ಶೃಂಗಾರಗ್ರಂಥವೂ ಅದರ ಅಧಿಕಾರಿಯೂ

ಗ್ರಂಥಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ತಿಳಿಸುವುದು ನಮ್ಮ ಶಾಸ್ತ್ರಕಾರರ ಸಂಪ್ರದಾಯ. ಇದು ಏನು, ಏತಕ್ಕೆ ಎಂದು ಕೇಳಿದಂತೆಯೇ ಇದು ಯಾರಿಗೆ ಎಂದೂ ಅವರು ಕೇಳುತ್ತಿದ್ದರು. ಶೃಂಗಾರಗ್ರಂಥಗಳ ಪ್ರಕಾಶಕರ ಏಳುಬೀಳುಗಳನ್ನು ನೋಡಿದರೆ, ಈ ಕಡೆಯ ಪ್ರಶ್ನೆಯನ್ನು ಮರೆತುದೇ ಅನರ್ಥಕ್ಕೆ ಮೂಲವೆಂದು ತೋರುತ್ತದೆ.

ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿಯೆಂಬ ಗಣಿಕೆ ತೆಲುಗಿನಲ್ಲಿ ‘ರಾಧಿಕಾಸಾಂತ್ವನ’ವನ್ನು ರಚಿಸಿದಳು. ಹಿಂದಿನ ಮುದ್ರಣದಲ್ಲಿ ಕೆಲವು ಪದ್ಯಗಳನ್ನು ಬಿಡಲಾಗಿದ್ದುದನ್ನು ಕಂಡು, ಮೈಸೂರು ಸೀಮೆಯ ನಂಜನಗೂಡಿನಲ್ಲಿ 1878ರಲ್ಲಿ ಜನಿಸಿದ ಬೆಂಗಳೂರು ನಾಗರತ್ನಮ್ಮನವರು ಅದನ್ನು ಪರಿಷ್ಕರಿಸಿ, 1910ರಲ್ಲಿ ಮದರಾಸಿನ ವಾವಿಳ್ಳ ಸಂಸ್ಥೆಯ ಮೂಲಕ ಪ್ರಕಟಪಡಿಸಿದರು. ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ಆ ಕವಯಿತ್ರಿಯನ್ನು ನಿಂದಿಸಿದ್ದರು. ಲಜ್ಜೆಯ ನಿಯಮವು ಸ್ತ್ರೀಯರಿಗೆ ಮಾತ್ರವೇ, ಪುರುಷರಿಗಿಲ್ಲವೇ ಎಂಬುದು ನಾಗರತ್ನಮ್ಮನವರ ಪ್ರತಿಪ್ರಶ್ನೆ. 1911ರಲ್ಲಿ ಗ್ರಂಥವು ಸರ್ಕಾರದ ಆಕ್ಷೇಪಕ್ಕೆ ಗುರಿಯಾಯಿತು. ಪ್ರತಿಗಳು ಪೋಲೀಸರ ವಶವಾದುವು. ಟಂಗುಟೂರಿ ಪ್ರಕಾಶಂ ಅವರ ಕಾಲದಲ್ಲಿ ನಿಷೇಧವು ತೆಗೆಯಲ್ಪಟ್ಟು, 1952ರಲ್ಲಿ ಮತ್ತೆ ಮುದ್ರಣವಾಯಿತು. ನಾಗರತ್ನಮ್ಮನವರು ತೀರಿಕೊಂಡುದೂ ಅದೇ ವರ್ಷ. ಒಂದು ಗ್ರಂಥವು ಸುಮಾರು ನಾಲ್ಕು ದಶಕಗಳ ಕಾಲ ಕತ್ತಲಲ್ಲಿತ್ತು.

ಅಶ್ಲೀಲವು ದೋಷವೇ ಎಂದರೆ, ಆಲಂಕಾರಿಕರು ಅದನ್ನು ದೋಷವೆಂದೇ ಎಣಿಸಿದ್ದಾರೆ. ವ್ರೀಡೆ, ಜುಗುಪ್ಸೆ, ಅಮಂಗಲ ಎಂದು ಮೂರಾಗಿ ವಿಂಗಡಿಸಿದ್ದಾರೆ. ಆದರೆ ಸಂದರ್ಭವಿಶೇಷದಲ್ಲಿ ಅದು ದೋಷವಲ್ಲವೆಂದು ಮಮ್ಮಟನೂ ಒಪ್ಪುತ್ತಾನೆ. ದೋಷದ ನಿರ್ಣಯ ಪದದಲ್ಲಷ್ಟೇ ಅಲ್ಲ, ಔಚಿತ್ಯದಲ್ಲಿದೆ.

ಇದೇ ಸಮಸ್ಯೆ ನಮ್ಮ ಕಾಲದಲ್ಲಿ ಹೊಸ ವೇಷ ಧರಿಸಿದೆ. ಜಪಾನಿನಲ್ಲಿ ಚಿತ್ರವೂ ಕಥೆಯೂ ಸೇರಿದ, ವಯಸ್ಕರಿಗೆಂದೇ ರಚಿತವಾದ ಗಣಕಯಂತ್ರದ ಕಥಾನಕಗಳಿವೆ. 1988ರಲ್ಲಿ ಹುಟ್ಟಿದ ಎಲ್ಫ್ ಎಂಬ ಸಂಸ್ಥೆಯು 1992ರ ‘ದೋಕ್ಯೂಸೇ’ಯಿಂದ ಹೆಸರುಗಳಿಸಿ, 2015ರ ಸುಮಾರಿಗೆ ಅಸ್ತಂಗತವಾಯಿತು. 1991ರಲ್ಲಿ ಇಂತಹ ಕೃತಿಯೊಂದು ಬಾಲಕನ ಕೈಸೇರಿ ಗದ್ದಲವೆದ್ದಾಗ, ಮರುವರ್ಷವೇ ತಯಾರಕರು ತಾವಾಗಿ ಸಂಘವನ್ನು ಕಟ್ಟಿ, ವಯಸ್ಸಿನ ಗುರುತನ್ನು ಹಾಕುವ ಪದ್ಧತಿಯನ್ನು ತಂದರು. ಅದೇ ಅಧಿಕಾರಿಯ ಪ್ರಶ್ನೆಗೆ ಕೊಟ್ಟ ಉತ್ತರ. ಸುಟ್ಟು ಹಾಕುವುದಕ್ಕಿಂತ ಗುರುತು ಹಾಕುವುದು ಮೇಲು.

ಗುರುತು ಹಾಕಿದರೆ ಸಾಕೆ? ಸಾಲದು. ಬಾಲಕನು ಗುರುತನ್ನು ಓದಿಯೂ ಪುಸ್ತಕವನ್ನು ತೆರೆಯಬಲ್ಲನು. ಅಲ್ಲಿ ಕಾಯುವವರು ತಂದೆತಾಯಿಗಳೇ ಹೊರತು ದಂಡಾಧಿಕಾರಿಗಳಲ್ಲ. ಆದರೆ ಕಾಯುವ ಭರದಲ್ಲಿ ಕಠಿನವಾಗಿ ಮಾತಾಡುವ ನೀತಿವಂತನಿಗೂ ಒಂದು ಎಚ್ಚರಿಕೆ ಬೇಕು. ಅಜ್ಜಂಪುರ ಸೀತಾರಾಮರು, ‘ಆನಂದ’ರೆಂಬ ಹೆಸರಿನಲ್ಲಿ, ‘ನಾನು ಕೊಂದ ಹುಡುಗಿ’ಯಲ್ಲಿ ಅದನ್ನೇ ತೋರಿಸಿದರು. ಬಸವಿಯಾದ ಮುಗ್ಧೆಗೆ ಅತಿಥಿಯೊಬ್ಬನು ಪಾಪದ ಉಪದೇಶ ಮಾಡುತ್ತಾನೆ. ಅವನ ಮಾತು ಸತ್ಯವೇ. ಆದರೂ ಹುಡುಗಿ ಪ್ರಾಣ ಕಳೆದುಕೊಳ್ಳುತ್ತಾಳೆ. ಕೇಳುವವಳ ಸ್ಥಿತಿಯನ್ನು ಅರಿಯದ ಉಪದೇಶವೂ ಅಧಿಕಾರಿಯನ್ನು ಮರೆತ ಗ್ರಂಥದಂತೆಯೇ ಘಾತುಕ.

ಆದಕಾರಣ ಕಡೂರು, ತರೀಕೆರೆ, ಅಜ್ಜಂಪುರಗಳ ಗೃಹಸ್ಥರು ‘ಗೀತಗೋವಿಂದ’ವನ್ನು ದೇವರ ಮುಂದೆ ಹಾಡಿಸುವ ಮನಸ್ಸಿನಿಂದಲೇ ಈ ವಿಷಯವನ್ನೂ ತೂಗಬೇಕು. ಪುಸ್ತಕದ ಕಪಾಟಿಗೆ ಬೀಗ ಹಾಕುವುದು ಸುಲಭ. ಮಗುವಿನೊಡನೆ ಕುಳಿತು ಮಾತಾಡುವುದು ಕಷ್ಟ. ಧರ್ಮವಿರುವುದು ಆ ಕಷ್ಟದಲ್ಲಿ.