ತಗಡಿನೊಳಗಿನ ಓಟ

ಚನ್ನರಾಯಪಟ್ಟಣದ ಸೀಮೆಯಲ್ಲಿ ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಕೊಬ್ಬರಿಯಾಯಿತೇ ಎಂದು ತಿಳಿಯಲು ಯಾರೂ ಒಡೆದು ನೋಡುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಚಿಪ್ಪು ಬಿಟ್ಟ ಗಿಟುಕು ಒಳಗೆ ಲೊಡಲೊಡ ಎಂದರೆ ಆಯಿತು. ವಿಮಾನದ ರೆಕ್ಕೆಯನ್ನೂ ಬಿಚ್ಚದೆ ಹೀಗೆಯೇ ಕೇಳಿ ನೋಡಬಹುದು ಎಂಬುದು ನನಗೆ ಇಂದಿಗೂ ಬೆರಗು.

ರೆಕ್ಕೆಯ ತಗಡಿಗೆ ಗುಂಡಿಯಷ್ಟಗಲದ ಪೀಜೋ ಬಿಲ್ಲೆಗಳನ್ನು ಅಂಟಿಸುತ್ತಾರೆ. ಒಂದಕ್ಕೆ ವಿದ್ಯುತ್ ಮಿಡಿತ ಕೊಟ್ಟರೆ ಅದು ನಡುಗಿ, ಕಿವಿಗೆಟುಕದ ಅಲೆಯೊಂದನ್ನು ತಗಡಿಗೆ ಬಿಡುತ್ತದೆ. ಶ್ರವಣಬೆಳಗೊಳದ ವಿಂಧ್ಯಗಿರಿಯಂಥ ಬಂಡೆಯಲ್ಲಾದರೆ ಆ ಅಲೆ ಆಳಕ್ಕೂ ಅಗಲಕ್ಕೂ ಹರಡಿ ಬೇಗ ಸೊರಗೀತು. ತಗಡಿಗೆ ಆಳವೆಲ್ಲಿದೆ? ಮೇಲ್ಮೈ, ಕೆಳಮೈ ಎರಡೂ ಅದನ್ನು ನಡುವೆಯೇ ಹಿಡಿದಿಟ್ಟು ದೂರ ಸಾಗಿಸುತ್ತವೆ. ಅಲ್ಯೂಮಿನಿಯಂನಲ್ಲಿ ಇದರ ಒಂದು ಬಗೆ ಸೆಕೆಂಡಿಗೆ 5 ಕಿಲೋಮೀಟರಿಗೂ ಮಿಕ್ಕಿ ಓಡುತ್ತದೆ. ದಾರಿಯಲ್ಲಿ ಬಿರುಕು ಸಿಕ್ಕರೆ ಚದುರುತ್ತದೆ. ಆ ಚದುರಿದ್ದನ್ನು ಉಳಿದ ಬಿಲ್ಲೆಗಳು ಹಿಡಿಯುತ್ತವೆ. ಈ ಅಲೆಗಳ ಗಣಿತವನ್ನು ಹೊರೇಸ್ ಲ್ಯಾಂಬ್ ಪ್ರಕಟಿಸಿದ್ದು 1917ರಲ್ಲಿ. ವಿಮಾನಗಳಿಗೆ ಇನ್ನೂ ಬಟ್ಟೆ ಹೊದಿಸುತ್ತಿದ್ದ ಕಾಲ!

ಆದರೆ ತಗಡು ಬಿರುಕಿನ ಜೊತೆಗೆ ಬಿಸಿಲಿನ ಸುದ್ದಿಯನ್ನೂ ಹೇಳುತ್ತದೆ. ಕಾದ ಲೋಹ ಹಿಗ್ಗುತ್ತದೆ, ಅದರ ಬಿಗಿ ತುಸು ಸಡಿಲುತ್ತದೆ, ಅಲೆ ತಡವಾಗಿ ಬರುತ್ತದೆ. ತಗಡು ಸರಿಯಿದ್ದಾಗ ಬರೆದಿಟ್ಟ ದಾಖಲೆಯನ್ನು ಇಂದಿನದರಿಂದ ಕಳೆದರೆ ಉಳಿಯುವುದು ಬಿರುಕೋ, ಬರೀ ಮಧ್ಯಾಹ್ನವೋ? ಅದಕ್ಕೇ ಬೇರೆ ಬೇರೆ ತಾಪಮಾನದ ದಾಖಲೆಗಳನ್ನು ಕೂಡಿಟ್ಟು, ಇಂದಿನದಕ್ಕೆ ಹೆಚ್ಚು ಹೊಂದುವುದನ್ನು ಆರಿಸಿ, ಬೇಕಾದರೆ ಕಾಲದಲ್ಲಿ ಒಂದಿಷ್ಟು ಹಿಗ್ಗಿಸಿ ಹೋಲಿಸುತ್ತಾರೆ. ನನಗೆ ಬಿರುಕು ಸಿಗುವುದಕ್ಕಿಂತ ಈ ಸಂಶಯವೇ ಹೆಚ್ಚು ಇಷ್ಟ.

ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ. 45 ಕಾರ್ಬನ್ ನಾರಿನಂಥ ಕಾಂಪೊಸಿಟ್. ಅಂಥ ಪದರಗಳಲ್ಲಿ ಅಲೆಯ ನಡೆಯೇ ಬೇರೆ: ನಾರಿನ ಉದ್ದಕ್ಕೆ ಚುರುಕು, ಅಡ್ಡಕ್ಕೆ ನಿಧಾನ. ಸ್ಪ್ಯಾನರ್ ಒಂದು ಕೈಜಾರಿ ಬಿದ್ದರೆ ಮೇಲೆ ಗೀರೂ ಕಾಣದು, ಒಳಗೆ ಪದರ ಬಿಟ್ಟಿರಬಹುದು. ಕಣ್ಣು ಸೋಲುವ ಜಾಗ ಇದೇ. ಆವೃತ್ತಿ ಏರಿಸಿದರೆ ಅಲೆ ಗಿಡ್ಡವಾಗಿ ಸಣ್ಣ ಸೀಳೂ ಸಿಕ್ಕೀತು. ಆದರೆ ಆಗಲೇ ತಗಡನ್ನು ಬಳುಕಿಸುವವು, ಉಬ್ಬಿಸಿ ಕುಗ್ಗಿಸುವವು ಎಂದು ಬಗೆಬಗೆಯ ಅಲೆಗಳು ಒಟ್ಟಿಗೇ ಎದ್ದು, ತಂತಮ್ಮ ವೇಗದಲ್ಲಿ ಓಡಿ, ಅಂಚಿಗೆ ಬಡಿದು ಮರಳಿ ಒಂದರ ಮೇಲೊಂದು ಬೀಳುತ್ತವೆ. ಇಳಿಸಿದರೆ ಗದ್ದಲ ಕಡಿಮೆ, ಸಣ್ಣ ಸೀಳು ಕೈತಪ್ಪುತ್ತದೆ. ಎಷ್ಟು ಏರಿಸಬೇಕೆಂಬುದನ್ನು ಪ್ರತಿ ತಗಡಿನ ದಪ್ಪಕ್ಕೂ ಹೊಸದಾಗಿ ಲೆಕ್ಕ ಹಾಕಬೇಕು.