ಸೋಮವಾರವೂ ಶನಿವಾರವೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗವಿಡದಿರುವುದು ಬಹುಕಾಲದ ವಾಡಿಕೆ. ಕಾರಣವೇನೆಂದು ಒಕ್ಕಲಿಗನನ್ನು ಯಾರೂ ಕೇಳರು.

ಕೊಂಕಣದ ಬೆನೆ ಇಸ್ರೇಲ ಯೆಹೂದ್ಯರು ಗಾಣದಿಂದ ಬದುಕುತ್ತಿದ್ದರು. ಶನಿವಾರ ಗಾಣವನ್ನು ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ಗಳೆನಿಸಿದರು. ಆ ದಿನ ಎತ್ತಿಗೂ ವಿಶ್ರಾಂತಿಯಿರಬೇಕೆಂಬುದು ಅವರ ಧರ್ಮಶಾಸ್ತ್ರದ ವಿಧಿ. ಮುಂದೆ ಅವರಲ್ಲಿ ಅನೇಕರು, 1956ರವರೆಗೆ ಈ ಜಿಲ್ಲೆಯನ್ನೂ ಆಳಿದ ಮುಂಬಯಿ ಸರಕಾರದ ಕಚೇರಿಗಳನ್ನು ಸೇರಿದರು. ಅಲ್ಲಿ ಸೂಟಿಯು ರವಿವಾರಕ್ಕಿತ್ತು, ಶನಿವಾರಕ್ಕೆ ಕೆಲಸವಿತ್ತು.

ಊರೆಲ್ಲ ಪಾಲಿಸಿದುದನ್ನು ವಾಡಿಕೆಯೆಂದೂ ಒಬ್ಬನೇ ಪಾಲಿಸಿದುದನ್ನು ಹಟವೆಂದೂ ಕರೆಯುವುದು ನ್ಯಾಯವೇ? ಜೊತೆಗಾರರು ಅವನ ಶಾಸ್ತ್ರವನ್ನು ಓದಬೇಕಾಗಿಲ್ಲ. ತಮ್ಮ ಸೋಮವಾರವನ್ನು ನೆನೆದರೆ ಸಾಕು. ಆದರೆ ನೆನೆದವನು ಅವನ ಶನಿವಾರದ ಕೆಲಸವನ್ನು ತಾನು ಹೊತ್ತು, ತನ್ನದೊಂದು ದಿನದ ಕೆಲಸವನ್ನು ಅವನಿಗೆ ಒಪ್ಪಿಸಬೇಕು. ಹೆಗಲಿಗೆ ಬಾರದ ತಿಳಿವಳಿಕೆಯು ಬರಿಯ ಮಾತು.